ಬಾನಿನಿಂದ ಬೀಳುವ ಕಲ್ಲುಗಳು: ಭಯವೆಷ್ಟು, ಲೆಕ್ಕವೆಷ್ಟು?

2025ರ ಫೆಬ್ರವರಿ ತಿಂಗಳಿನಲ್ಲಿ ಒಂದು ಸಂಖ್ಯೆ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಕಾಣಿಸಿಕೊಂಡಿತು. ಆ ಸಂಖ್ಯೆ ಶೇಕಡಾ 3.1. ಚಿಲಿ ದೇಶದ ದೂರದರ್ಶಕವೊಂದು 2024ರ ಡಿಸೆಂಬರ್ 27ರಂದು ಕಂಡುಹಿಡಿದಿದ್ದ '2024 ವೈಆರ್4' ಎಂಬ ಕ್ಷುದ್ರಗ್ರಹವು 2032ರ ಡಿಸೆಂಬರ್ 22ರಂದು ಭೂಮಿಗೆ ಅಪ್ಪಳಿಸುವ ಸಾಧ್ಯತೆ ಅಷ್ಟಿದೆಯೆಂದು ಅಮೆರಿಕದ ನಾಸಾ ಸಂಸ್ಥೆ ಪ್ರಕಟಿಸಿತ್ತು. ಕಲ್ಲಿನ ಅಗಲ ಸುಮಾರು 60 ಮೀಟರ್. ಅದು ಬೀಳಬಹುದಾದ ಪಟ್ಟಿಯು ಪೆಸಿಫಿಕ್ ಸಾಗರದ ಪೂರ್ವಭಾಗದಿಂದ ಹೊರಟು, ದಕ್ಷಿಣ ಅಮೆರಿಕದ ಉತ್ತರ ತುದಿ, ಅಟ್ಲಾಂಟಿಕ್, ಆಫ್ರಿಕಾ, ಅರಬ್ಬಿ ಸಮುದ್ರಗಳನ್ನು ದಾಟಿ ದಕ್ಷಿಣ ಏಷ್ಯಾದವರೆಗೆ ಚಾಚಿತ್ತು. ಭಾರತದ ಹೆಸರು ಸುದ್ದಿಯಲ್ಲಿ ಬಂದದ್ದೇ ತಡ, ಮೊಬೈಲಿನಿಂದ ಮೊಬೈಲಿಗೆ ಹಾರುವ ಸಂದೇಶಗಳು ಆ ಪಟ್ಟಿಯನ್ನು ಬೆರಳಿಟ್ಟು ತೋರಿಸುವ ಗುರಿಯನ್ನಾಗಿ ಮಾಡಿಬಿಟ್ಟವು.

ಅದೇ ತಿಂಗಳು 24ನೆಯ ತಾರೀಖಿಗೆ ಆ ಸಂಖ್ಯೆ ಶೇಕಡಾ 0.004ಕ್ಕೆ ಇಳಿಯಿತು. ಅಂದರೆ ಭೂಮಿಗೆ ಅಪಾಯವಿಲ್ಲವೆಂದೇ ತೀರ್ಮಾನವಾಯಿತು. ಆದರೆ ಭಯ ಹುಟ್ಟಿಸಿದ ಸುದ್ದಿ ತಲುಪಿದಷ್ಟು ಮನೆಗಳಿಗೆ ಭಯ ನಿವಾರಿಸಿದ ಸುದ್ದಿ ತಲುಪುವುದಿಲ್ಲ. 'ಕಲ್ಲು ಬಂದು ಭೂಮಿ ನಾಶವಾಗುತ್ತದಂತೆ, ನಿಜವೇ?' ಎಂದು ಮಗು ಕೇಳಿದಾಗ ತಂದೆತಾಯಿಯರು ಕೊಡಬೇಕಾದ ಉತ್ತರ 'ಸುಮ್ಮನಿರು' ಎಂಬುದಲ್ಲ. ಭೂಮಿಗೆ ಆಕಾಶದ ವಸ್ತುಗಳು ಎಷ್ಟು ಸಲ ಬಡಿಯುತ್ತವೆ, ಯಾವುದರಿಂದ ಏನಾಗುತ್ತದೆ, ಯಾರು ಕಾವಲಿದ್ದಾರೆ ಎಂಬುದಕ್ಕೆ ಈಗ ಸಾಕಷ್ಟು ಖಚಿತವಾದ ಲೆಕ್ಕವಿದೆ. ಆ ಲೆಕ್ಕ ಭಯಕ್ಕಿಂತ ಹೆಚ್ಚು ಕುತೂಹಲಕರ.

ಕಳೆದುಹೋದ ಆಡಿನ ಲೆಕ್ಕ

ಮೊದಲು ಆ ಶೇಕಡಾ 3.1 ಏರಿದ್ದೇಕೆ, ಇಳಿದದ್ದೇಕೆ ಎಂಬುದನ್ನು ನೋಡಬೇಕು. ಊರಿನ ನೂರು ಹೊಲಗಳಲ್ಲಿ ಯಾವುದೋ ಒಂದರಲ್ಲಿ ಕಳೆದುಹೋದ ಆಡು ಇದೆ ಎಂದಿಟ್ಟುಕೊಳ್ಳಿ. ಅದು ರಾಮಪ್ಪನ ಹೊಲದಲ್ಲಿರುವ ಸಾಧ್ಯತೆ ನೂರರಲ್ಲಿ ಒಂದು. ಬೇರೆಯವರ ಅರವತ್ತು ಹೊಲಗಳನ್ನು ಹುಡುಕಿ ಬರಿಗೈಯಲ್ಲಿ ಬಂದ ಮೇಲೆ ಸಾಧ್ಯತೆ ನಲವತ್ತರಲ್ಲಿ ಒಂದಾಗುತ್ತದೆ. ರಾಮಪ್ಪನ ವಿರುದ್ಧ ಹೊಸ ಸಾಕ್ಷ್ಯವೇನೂ ಸಿಕ್ಕಿಲ್ಲ. ಹುಡುಕಬೇಕಾದ ಜಾಗ ಕಿರಿದಾಗಿದೆ, ಅಷ್ಟೇ. ಮರುದಿನ ಆಡು ಬೇರೊಬ್ಬರ ಹೊಲದ ಬದುವಿನಲ್ಲಿ ಸಿಕ್ಕಿದರೆ ಸಾಧ್ಯತೆ ಒಮ್ಮೆಗೇ ಸೊನ್ನೆಯಾಗುತ್ತದೆ.

ಹೊಸದಾಗಿ ಕಂಡ ಕ್ಷುದ್ರಗ್ರಹದ ವಿಷಯವೂ ಇದೇ. ಕೆಲವು ರಾತ್ರಿಗಳ ವೀಕ್ಷಣೆಯಿಂದ ಅದರ ಮುಂದಿನ ಹಾದಿಯನ್ನು ಒಂದು ಗೆರೆಯಾಗಿ ಎಳೆಯಲಾಗದು. ಲಕ್ಷಾಂತರ ಕಿಲೋಮೀಟರ್ ಅಗಲದ ಪಟ್ಟಿಯಾಗಿ ಮಾತ್ರ ಗುರುತಿಸಬಹುದು. ವೀಕ್ಷಣೆಗಳು ಹೆಚ್ಚಿದಂತೆ ಪಟ್ಟಿ ಕಿರಿದಾಗುತ್ತದೆ. ಭೂಮಿ ಇನ್ನೂ ಆ ಪಟ್ಟಿಯೊಳಗೇ ಇದ್ದರೆ ಸಾಧ್ಯತೆಯ ಸಂಖ್ಯೆ ಏರುತ್ತ ಹೋಗುತ್ತದೆ. ಪಟ್ಟಿಯಿಂದ ಹೊರಬಿದ್ದ ದಿನ ಕುಸಿಯುತ್ತದೆ. ಇಂಥ ಸಂಖ್ಯೆ ಏರುವುದು ವಿಚಾರಣೆಯ ನಡುವಿನ ಒಂದು ಹಂತ. ವಿಚಾರಣೆ ಮುಗಿಯುವ ಮುನ್ನವೇ ತೀರ್ಪು ಬರೆದವರು ಸಂದೇಶ ಕಳುಹಿಸಿದವರೇ ಹೊರತು ಖಗೋಳ ವಿಜ್ಞಾನಿಗಳಲ್ಲ.

ದಿನನಿತ್ಯದ ಮಳೆ

ಭೂಮಿಗೆ ಆಕಾಶದ ವಸ್ತು ಬಡಿಯದ ದಿನವೇ ಇಲ್ಲ. ಪ್ರತಿದಿನ ಸುಮಾರು 100 ಟನ್ ಧೂಳು ಮತ್ತು ಮರಳಿನ ಗಾತ್ರದ ಕಣಗಳು ವಾಯುಮಂಡಲವನ್ನು ಹೊಗುತ್ತವೆ. ಹತ್ತು ಟನ್ನಿನ ಹತ್ತು ಲಾರಿಗಳಲ್ಲಿ ತುಂಬುವಷ್ಟು ಹೊರೆ ಅದು. ಇಡೀ ಭೂಗೋಲದ ಮೇಲೆ ಹರಡಿಹೋಗುವುದರಿಂದ ಯಾರ ಅಂಗಳದಲ್ಲೂ ಅದು ಕಾಣಿಸುವುದಿಲ್ಲ. ಅದರಲ್ಲಿ ಬಹುಪಾಲು ಮೇಲೆಯೇ ಉರಿದು ಆವಿಯಾಗುತ್ತದೆ.

ರಾತ್ರಿ ಹೊರಗೆ ಮಲಗಿದವರು 'ಚಿಕ್ಕಿ ಉದುರಿತು', 'ನಕ್ಷತ್ರ ಬಿತ್ತು' ಎಂದು ತೋರಿಸುವುದು ಇಂಥ ಕಣಗಳನ್ನೇ. ನಕ್ಷತ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ಸಾಸಿವೆಯಿಂದ ಕಡಲೆಕಾಳಿನವರೆಗಿನ ಗಾತ್ರದ ಚೂರೊಂದು ಸೆಕೆಂಡಿಗೆ 11ರಿಂದ 72 ಕಿಲೋಮೀಟರ್ ವೇಗದಲ್ಲಿ ನುಗ್ಗಿದಾಗ ಮುಂದಿನ ಗಾಳಿ ಒತ್ತಲ್ಪಟ್ಟು ಕಾದು ಬೆಳಗುತ್ತದೆ. ಚೂರು ಕರಗಿ ಹೋಗುತ್ತದೆ. ಆ ಬೆಳಕಿನ ಗೆರೆ ಉಲ್ಕೆ. ಉರಿದು ತೀರದೆ ನೆಲಕ್ಕೆ ಮುಟ್ಟಿದ ತುಂಡು ಉಲ್ಕಾಶಿಲೆ. ಸೂರ್ಯನ ಸುತ್ತ ಸುತ್ತುತ್ತಿರುವ ದೊಡ್ಡ ಬಂಡೆ ಕ್ಷುದ್ರಗ್ರಹ. ಈ ಮೂರು ಪದಗಳನ್ನು ಬೇರೆಬೇರೆಯಾಗಿ ತಿಳಿದುಕೊಂಡರೆ ಸುದ್ದಿಯಲ್ಲಿನ ಅರ್ಧ ಗೊಂದಲ ಕಳೆಯುತ್ತದೆ.

50 ಗ್ರಾಮಿಗಿಂತ ಹೆಚ್ಚು ತೂಕದ ಉಲ್ಕಾಶಿಲೆಗಳು ವರ್ಷಕ್ಕೆ ಸುಮಾರು 17,000 ಬೀಳುತ್ತವೆಂದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಂದಾಜು ಮಾಡಿದೆ. ಭೂಮಿಯ ಹತ್ತರಲ್ಲಿ ಏಳು ಭಾಗ ನೀರು. ಉಳಿದದ್ದರಲ್ಲೂ ಕಾಡು, ಮರುಭೂಮಿ, ಹಿಮವೇ ಹೆಚ್ಚು. ಆದ್ದರಿಂದ ಬಿದ್ದ ಕಲ್ಲುಗಳಲ್ಲಿ ಮನುಷ್ಯನ ಕೈಗೆ ಸಿಗುವುದು ವರ್ಷಕ್ಕೆ ಬೆರಳೆಣಿಕೆಯಷ್ಟು. ದಕ್ಷಿಣ ಭಾರತವೂ ಇದಕ್ಕೆ ಹೊರತಲ್ಲ. ಮಧುರೆಯ ಸೀಮೆಯಲ್ಲಿ 1857ರಲ್ಲಿ, ಮಲಬಾರಿನ ಕುಟ್ಟಿಪ್ಪುರದಲ್ಲಿ 1914ರಲ್ಲಿ ಉಲ್ಕಾಶಿಲೆಗಳು ಬಿದ್ದ ದಾಖಲೆಯಿದೆ. ಬಿಹಾರದ ಶೇರ್‌ಘಾಟಿಯಲ್ಲಿ 1865ರಲ್ಲಿ ಬಿದ್ದ ಕಲ್ಲು ಮಂಗಳಗ್ರಹದಿಂದ ಸಿಡಿದು ಬಂದದ್ದೆಂದು ಮುಂದೆ ತಿಳಿಯಿತು. ಅಂಥ ಒಂದು ವರ್ಗದ ಕಲ್ಲುಗಳಿಗೆಲ್ಲ ಇಂದಿಗೂ ಆ ಊರಿನ ಹೆಸರೇ ಇದೆ.

ದೊಡ್ಡದಾದಷ್ಟೂ ಅಪರೂಪ

ಎಷ್ಟು ಸಲ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ, ಗಾತ್ರಕ್ಕೊಂದು ಉತ್ತರವಿದೆ. ಸಣ್ಣವು ಬಹಳ, ದೊಡ್ಡವು ವಿರಳ. ಅಮೆರಿಕದ ಸರ್ಕಾರಿ ಸಂವೇದಕಗಳು 1994ರಿಂದ 2013ರವರೆಗಿನ 20 ವರ್ಷಗಳಲ್ಲಿ ಒಂದರಿಂದ 20 ಮೀಟರ್ ಗಾತ್ರದ 556 ವಸ್ತುಗಳು ವಾಯುಮಂಡಲದಲ್ಲಿ ಸಿಡಿದುದನ್ನು ದಾಖಲಿಸಿದವು. ಹೆಚ್ಚುಕಡಿಮೆ ಹದಿಮೂರು ದಿನಕ್ಕೊಂದು. ಅವುಗಳಲ್ಲಿ ಹೆಚ್ಚಿನವು ಸಮುದ್ರದ ಮೇಲೆ, ಯಾರ ಅರಿವಿಗೂ ಬಾರದೆ ಮುಗಿದುಹೋದವು.

ನಾಲ್ಕೈದು ಮೀಟರಿನ ಬಂಡೆ ಸರಾಸರಿ ವರ್ಷಕ್ಕೊಮ್ಮೆ ಬರುತ್ತದೆ. 20 ಮೀಟರಿನದು ಐವತ್ತರಿಂದ ನೂರು ವರ್ಷಗಳಿಗೊಮ್ಮೆ. 50-60 ಮೀಟರಿನದು ಸುಮಾರು ಸಾವಿರ ವರ್ಷಗಳಿಗೊಮ್ಮೆ. ಒಂದು ಪ್ರದೇಶವನ್ನೇ ಹಾಳುಗೆಡವಬಲ್ಲ 140 ಮೀಟರಿನದು ಹತ್ತಿಪ್ಪತ್ತು ಸಾವಿರ ವರ್ಷಗಳಿಗೊಮ್ಮೆ. ಜಗತ್ತಿನ ಬೆಳೆ, ಹವೆಗಳನ್ನೇ ಕೆಡಿಸಬಲ್ಲ ಒಂದು ಕಿಲೋಮೀಟರಿನದು ಹಲವು ಲಕ್ಷ ವರ್ಷಗಳಿಗೊಮ್ಮೆ. ಡೈನೋಸಾರುಗಳ ಯುಗವನ್ನು ಮುಗಿಸಿದ ಹತ್ತು ಕಿಲೋಮೀಟರಿನಂಥದ್ದು ಹತ್ತು ಕೋಟಿ ವರ್ಷಗಳಿಗೂ ಮೀರಿದ ಅವಧಿಗೊಮ್ಮೆ.

ಇಲ್ಲೊಂದು ಎಚ್ಚರ ಬೇಕು. 'ಸಾವಿರ ವರ್ಷಕ್ಕೊಮ್ಮೆ' ಎಂಬುದು ನ್ಯಾಯಾಲಯದ ವಾಯಿದೆಯಂತೆ ದಿನ ಗೊತ್ತುಮಾಡಿದ ಹಾಜರಿಯಲ್ಲ. ಅದು ದೀರ್ಘಕಾಲದ ಸರಾಸರಿ. ನಾಲ್ಕು ಕವಡೆಗಳಿಂದ ಚೌಕಾಬಾರ ಆಡುವ ಮಕ್ಕಳಿಗೆ ಇದು ಚೆನ್ನಾಗಿ ಗೊತ್ತು: ನಾಲ್ಕೂ ಕವಡೆಗಳು ಅಂಗಾತ ಬೀಳುವುದು ಅಪರೂಪ, ಆದರೂ ಅದು ಬೆನ್ನುಬೆನ್ನಿಗೆ ಎರಡು ಸಲ ಬೀಳಬಹುದು, ಇಡೀ ಆಟದಲ್ಲಿ ಒಮ್ಮೆಯೂ ಬೀಳದಿರಬಹುದು. ಕವಡೆಗೆ ಹಿಂದಿನ ಆಟದ ನೆನಪಿಲ್ಲ. ಆಕಾಶದ ಕಲ್ಲಿಗೂ ಇಲ್ಲ. 'ಈ ಸಲ ಬಾಕಿ ಇದೆ' ಎಂದು ಹೇಳುವವರು ಲೆಕ್ಕವನ್ನು ತಪ್ಪಾಗಿ ಓದಿದ್ದಾರೆ.

ಚೆಲ್ಯಾಬಿನ್ಸ್ಕಿನ ಬೆಳಗು

ಈ ಕಾಲದ ಜನ ಕಣ್ಣಾರೆ ಕಂಡ ದೊಡ್ಡ ಘಟನೆ ರಷ್ಯಾದ ಚೆಲ್ಯಾಬಿನ್ಸ್ಕ್ ನಗರದ್ದು. 2013ರ ಫೆಬ್ರವರಿ 15ರ ಬೆಳಗ್ಗೆ ಸುಮಾರು 9.20ಕ್ಕೆ, ಶಾಲೆಗಳು ನಡೆಯುತ್ತಿದ್ದಾಗ, ಸೂರ್ಯನನ್ನು ಮೀರಿಸುವ ಬೆಳಕೊಂದು ಆಕಾಶದಲ್ಲಿ ಹಾಯಿತು. ಸುಮಾರು 20 ಮೀಟರ್ ಅಗಲದ, ಹನ್ನೆರಡು ಸಾವಿರ ಟನ್ನಿಗೂ ಹೆಚ್ಚು ತೂಕದ ಬಂಡೆ ಸೆಕೆಂಡಿಗೆ 19 ಕಿಲೋಮೀಟರ್ ವೇಗದಲ್ಲಿ ಬಂದು ನೆಲದಿಂದ ಸುಮಾರು 30 ಕಿಲೋಮೀಟರ್ ಎತ್ತರದಲ್ಲಿ ಸಿಡಿಯಿತು. ಸೂರ್ಯನ ದಿಕ್ಕಿನಿಂದ ಬಂದದ್ದರಿಂದ ಯಾವ ದೂರದರ್ಶಕಕ್ಕೂ ಮೊದಲೇ ಕಂಡಿರಲಿಲ್ಲ.

ಬೆಳಕು ಕಂಡೊಡನೆ ಸಾವಿರಾರು ಜನ ಏನಾಯಿತೆಂದು ನೋಡಲು ಕಿಟಕಿಗಳ ಬಳಿಗೆ ಓಡಿದರು. ಬೆಳಕು ಕ್ಷಣದಲ್ಲಿ ತಲುಪುತ್ತದೆ. ಸ್ಫೋಟದ ಗಾಳಿಯ ಅಲೆ ನಿಧಾನವಾಗಿ ಬರುತ್ತದೆ. ಅವರು ಗಾಜಿಗೆ ಮುಖವೊಡ್ಡಿ ನಿಂತಿದ್ದಾಗ, ಎರಡು ನಿಮಿಷಕ್ಕೂ ಮಿಕ್ಕಿದ ಮೇಲೆ, ಆ ಅಲೆ ಬಂದು ಬಡಿಯಿತು. ಏಳು ಸಾವಿರಕ್ಕೂ ಹೆಚ್ಚು ಕಟ್ಟಡಗಳಿಗೆ ಹಾನಿಯಾಯಿತು. ಸುಮಾರು 1,500 ಜನ ಚಿಕಿತ್ಸೆ ಪಡೆದರು. ಹೆಚ್ಚಿನವರನ್ನು ಗಾಯಗೊಳಿಸಿದ್ದು ಒಡೆದ ಗಾಜು. ಯಾರೂ ಸಾಯಲಿಲ್ಲ.

ಆ ನಗರದ ಶಾಲೆಯೊಂದರ ನಾಲ್ಕನೆಯ ತರಗತಿಯ ಶಿಕ್ಷಕಿಯೊಬ್ಬರು ಬೆಳಕನ್ನು ಕಂಡೊಡನೆ ತಮ್ಮ 44 ಮಕ್ಕಳಿಗೆ ಮೇಜುಗಳ ಕೆಳಗೆ ಅಡಗುವಂತೆ ಹೇಳಿದರು. ಏನಾಗುತ್ತಿದೆಯೆಂದು ಅವರಿಗೂ ತಿಳಿದಿರಲಿಲ್ಲ. ಕಿಟಕಿಗಳು ಸಿಡಿದಾಗ ನಿಂತೇ ಇದ್ದ ಶಿಕ್ಷಕಿಯ ತೋಳಿಗೆ ಆಳವಾದ ಗಾಯವಾಯಿತು. ಮಕ್ಕಳಲ್ಲಿ ಒಬ್ಬರಿಗೂ ಗಾಜು ತಾಗಲಿಲ್ಲ. ವಿಜ್ಞಾನದ ಒಂದು ಸರಳ ಪಾಠ, ಅಂದರೆ ಬೆಳಕು ಮೊದಲು, ಸದ್ದು ಆಮೇಲೆ ಎಂಬುದು, ಮಕ್ಕಳ ಕಣ್ಣನ್ನು ಉಳಿಸಬಲ್ಲದು. ಆಕಾಶದಲ್ಲಿ ಅಸಾಧಾರಣ ಬೆಳಕು ಕಂಡರೆ ಕಿಟಕಿಗೆ ಬೆನ್ನು ಮಾಡಿ ಗೋಡೆಯ ಮರೆಗೆ ಸರಿಯಬೇಕು. ಸಿಡಿಲಿಗೂ, ಪಟಾಕಿ ಗೋದಾಮಿನ ಸ್ಫೋಟಕ್ಕೂ ಇದೇ ಮಾತು ಸಲ್ಲುತ್ತದೆ.

ಇದಕ್ಕಿಂತ ದೊಡ್ಡದು 1908ರ ಜೂನ್ 30ರಂದು ಸೈಬೀರಿಯಾದ ತುಂಗುಸ್ಕಾ ನದಿಯ ಬಳಿ ನಡೆಯಿತು. 50-60 ಮೀಟರಿನ ವಸ್ತುವೊಂದು ನೆಲಕ್ಕೆ ಮುಟ್ಟುವ ಮೊದಲೇ ಸಿಡಿದು, 2,000 ಚದರ ಕಿಲೋಮೀಟರಿಗೂ ಹೆಚ್ಚಿನ ಕಾಡನ್ನು ಮಲಗಿಸಿತು. ಉರುಳಿದ ಮರಗಳು ಸುಮಾರು ಎಂಟು ಕೋಟಿ. ಲಿಯೊನಿದ್ ಕುಲಿಕ್ ಎಂಬ ವಿಜ್ಞಾನಿ 1927ರಲ್ಲಿ ಅಲ್ಲಿಗೆ ತಲುಪಿ ದೊಡ್ಡ ಕುಳಿಯನ್ನು ಹುಡುಕಿದರೆ, ಸಿಕ್ಕಿದ್ದು ಹೊರಮುಖವಾಗಿ ಬಿದ್ದ ಮರಗಳು ಮತ್ತು ನಡುವೆ ಕೊಂಬೆ ಕಳೆದುಕೊಂಡು ಕಂಬಗಳಂತೆ ನಿಂತ ಬೊಡ್ಡೆಗಳು. ಆ ದಿನದ ನೆನಪಿಗಾಗಿಯೇ ವಿಶ್ವಸಂಸ್ಥೆ ಜೂನ್ 30ನ್ನು ಅಂತಾರಾಷ್ಟ್ರೀಯ ಕ್ಷುದ್ರಗ್ರಹ ದಿನವೆಂದು ಗುರುತಿಸಿದೆ.

ಕಪ್ಪು ಕಲ್ಲಿನ ನಾಡಿನ ಗಾಯ

ಬಹಳ ದೂರದ ಮಾತಾಯಿತು ಎನ್ನುವವರು ಮಹಾರಾಷ್ಟ್ರದ ಬುಲಢಾಣಾ ಜಿಲ್ಲೆಯ ಲೋಣಾರಕ್ಕೆ ಹೋಗಿ ಬರಬಹುದು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಹೊಲಗಳ ಕರಿಮಣ್ಣಿನ ಕೆಳಗಿರುವ ಕಪ್ಪು ಬಸಾಲ್ಟ್ ಕಲ್ಲೇ ಲೋಣಾರದಲ್ಲೂ ಇದೆ. ಆರೂವರೆ ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಹರಿದ ಲಾವಾ ಪದರಪದರವಾಗಿ ಗಟ್ಟಿಯಾದ ಕಲ್ಲು ಅದು. ಆ ಗಟ್ಟಿಕಲ್ಲಿನಲ್ಲಿ ಸುಮಾರು 1.8 ಕಿಲೋಮೀಟರ್ ಅಗಲದ ದುಂಡನೆಯ ಕುಳಿಯೊಂದಿದ್ದು, ಅದರ ತಳದಲ್ಲಿ ಉಪ್ಪುನೀರಿನ ಕೆರೆ ನಿಂತಿದೆ. ವಿಷ್ಣುವು ಲವಣಾಸುರನನ್ನು ಕೊಂದ ಸ್ಥಳವೆಂದು ಸ್ಥಳೀಯ ಐತಿಹ್ಯ ಹೇಳುತ್ತದೆ. ಊರಿನ ದೈತ್ಯಸೂದನ ದೇವಾಲಯ ಆ ಕಥೆಯದೇ ಗುರುತು.

ಸುತ್ತಲೂ ಲಾವಾ ಕಲ್ಲೇ ಇರುವುದರಿಂದ ಇದು ಜ್ವಾಲಾಮುಖಿಯ ಬಾಯಿಯೆಂದು ಬಹುಕಾಲ ನಂಬಲಾಗಿತ್ತು. ಕುಳಿಯ ತಳವನ್ನು ಕೊರೆದು ತೆಗೆದ ಮಾದರಿಗಳಲ್ಲಿ, ಭೀಕರ ಆಘಾತದ ಒತ್ತಡದಲ್ಲಿ ಮಾತ್ರ ಉಂಟಾಗುವ ಒಂದು ಬಗೆಯ ಗಾಜು ಇದ್ದುದನ್ನು 1973ರಲ್ಲಿ ವಿಜ್ಞಾನಿಗಳು ಪ್ರಕಟಿಸಿದ ಮೇಲೆ ಆಕಾಶದ ಬಂಡೆಯೇ ಇದರ ಕಾರಣವೆಂಬುದು ದೃಢಪಟ್ಟಿತು. ಕುಳಿಯ ವಯಸ್ಸಿನ ಬಗ್ಗೆ ಮಾತ್ರ ವಾದ ಮುಗಿದಿಲ್ಲ. ಒಂದು ವಿಧಾನ ಸುಮಾರು 52,000 ವರ್ಷ ಎನ್ನುತ್ತದೆ, ಇನ್ನೊಂದು 5,70,000 ವರ್ಷ ಎನ್ನುತ್ತದೆ. 2020ರ ಜೂನಿನಲ್ಲಿ ಕೆರೆಯ ನೀರು ಗುಲಾಬಿ ಬಣ್ಣಕ್ಕೆ ತಿರುಗಿದಾಗ ಹಬ್ಬಿದ ವದಂತಿಗಳಿಗೂ ವಿಜ್ಞಾನ ಉತ್ತರ ಕೊಟ್ಟಿತು: ಅದು ಹೆಚ್ಚು ಉಪ್ಪಿನಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳ ಬಣ್ಣ. ಅದೇ ವರ್ಷ ಲೋಣಾರ ಅಂತಾರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು.

ಭೂಮಿಯ ಮೇಲೆ ಇಂಥ ಕುಳಿಗಳು ಇದುವರೆಗೆ ಖಚಿತವಾಗಿರುವುದು ಸುಮಾರು 200 ಮಾತ್ರ. ಚಂದ್ರನ ಮುಖದ ತುಂಬ ಕುಳಿಗಳಿರುವಾಗ ಇಲ್ಲಿ ಇಷ್ಟು ಕಡಿಮೆಯೇಕೆ? ಚಂದ್ರನಲ್ಲಿ ಮಳೆಯಿಲ್ಲ, ಗಾಳಿಯಿಲ್ಲ; ಆದ ಗಾಯ ಹಾಗೇ ಉಳಿಯುತ್ತದೆ. ಭೂಮಿಯಲ್ಲಿ ನದಿ, ಮಳೆ, ಮಣ್ಣು, ಬೇರು ಎಲ್ಲ ಸೇರಿ ಗಾಯವನ್ನು ಮಾಯಿಸುತ್ತವೆ. ಮೆಕ್ಸಿಕೋದ ಯುಕಟಾನ್ ಬಳಿ 6.6 ಕೋಟಿ ವರ್ಷಗಳ ಹಿಂದೆ ಆದ 180 ಕಿಲೋಮೀಟರ್ ಅಗಲದ ಕುಳಿ ಕೂಡ ಮಣ್ಣಿನಡಿ ಹೂತುಹೋಗಿತ್ತು. ಲೂಯಿಸ್ ಆಲ್ವರೆಜ್, ವಾಲ್ಟರ್ ಆಲ್ವರೆಜ್ ಎಂಬ ತಂದೆಮಕ್ಕಳು ಮತ್ತು ಅವರ ಸಂಗಡಿಗರು 1980ರಲ್ಲಿ ಶಿಲಾಪದರಗಳಲ್ಲಿನ ಇರಿಡಿಯಂ ಲೋಹದ ಸುಳಿವು ಹಿಡಿದು ಆ ಮಹಾಘಾತವನ್ನು ಊಹಿಸಿದ ಮೇಲೆಯೇ ಅದರ ಹುಡುಕಾಟ ಗಂಭೀರವಾಯಿತು.

ಸಾಕ್ಷಿಗಳ ಮಾತು ನಂಬಿದ ಕಾನೂನು ಪದವೀಧರ

ಆಕಾಶದಿಂದ ಕಲ್ಲು ಬೀಳುತ್ತದೆಂಬುದನ್ನು ಹದಿನೆಂಟನೆಯ ಶತಮಾನದ ಯುರೋಪಿನ ಪಂಡಿತರು ಒಪ್ಪುತ್ತಿರಲಿಲ್ಲ. ಕಂಡೆವೆಂದವರು ಹೆಚ್ಚಾಗಿ ರೈತರು, ಕುರುಬರು. ಅವರ ಮಾತನ್ನು ಮೂಢನಂಬಿಕೆಯೆಂದು ತಳ್ಳಿಹಾಕಲಾಗುತ್ತಿತ್ತು. ಇದನ್ನು ಬದಲಿಸಿದವರಲ್ಲಿ ಮೊದಲಿಗ ಜರ್ಮನಿಯ ಅರ್ನ್ಸ್ಟ್ ಕ್ಲಾಡ್ನಿ. ಧ್ವನಿವಿಜ್ಞಾನದಲ್ಲಿ ಹೆಸರು ಮಾಡಿದ ಈತ ಓದಿದ್ದು ಕಾನೂನು. ಬೇರೆಬೇರೆ ದೇಶಕಾಲಗಳ ಸಾಕ್ಷಿಗಳ ಹೇಳಿಕೆಗಳನ್ನು ಆತ ಒಟ್ಟುಗೂಡಿಸಿ ನ್ಯಾಯಾಲಯದಲ್ಲಿ ಪರಿಶೀಲಿಸುವಂತೆ ಪರಿಶೀಲಿಸಿದ. ಒಬ್ಬರನ್ನೊಬ್ಬರು ಅರಿಯದ ಜನ ಒಂದೇ ಬಗೆಯ ಬೆಂಕಿಯುಂಡೆ, ಒಂದೇ ಬಗೆಯ ಗುಡುಗು, ಒಂದೇ ಬಗೆಯ ಕಪ್ಪುಸಿಪ್ಪೆಯ ಕಲ್ಲನ್ನು ವರ್ಣಿಸಿದ್ದರು. ಇವರೆಲ್ಲ ಸೇರಿ ಸುಳ್ಳು ಹೇಳಲಾರರೆಂದು ತೀರ್ಮಾನಿಸಿ 1794ರಲ್ಲಿ ಪುಸ್ತಕ ಪ್ರಕಟಿಸಿದ. ಹಲವರು ನಕ್ಕರು.

ನಗೆ ನಿಲ್ಲಲು ಭಾರತದ ಕಲ್ಲೊಂದು ನೆರವಾಯಿತು. 1798ರ ಡಿಸೆಂಬರಿನಲ್ಲಿ ಬನಾರಸಿನ ಹತ್ತಿರ ಕಲ್ಲುಗಳ ಮಳೆ ಬಿದ್ದಿತ್ತು. ಅವುಗಳನ್ನೂ ಇಂಗ್ಲೆಂಡ್, ಇಟಲಿ ಮುಂತಾದೆಡೆ ಬಿದ್ದ ಕಲ್ಲುಗಳನ್ನೂ ಎಡ್ವರ್ಡ್ ಹೊವರ್ಡ್ ಎಂಬ ರಸಾಯನಶಾಸ್ತ್ರಜ್ಞ ಪರೀಕ್ಷಿಸಿ, ಎಲ್ಲದರ ಕಬ್ಬಿಣದಲ್ಲೂ ನಿಕ್ಕಲ್ ಇದೆಯೆಂದು 1802ರಲ್ಲಿ ತೋರಿಸಿದ. ಮರುವರ್ಷ ಫ್ರಾನ್ಸಿನ ಲೇಗ್ಲ್ ಊರಿನಲ್ಲಿ ಮೂರು ಸಾವಿರದಷ್ಟು ಕಲ್ಲುಗಳು ಬಿದ್ದಾಗ ಜಾನ್ ಬಾಪ್ಟಿಸ್ಟ್ ಬಯೋ ಹಳ್ಳಿಹಳ್ಳಿ ತಿರುಗಿ ಹೇಳಿಕೆ ಬರೆದುಕೊಂಡು ವರದಿ ಕೊಟ್ಟ. ಅಲ್ಲಿಗೆ ವಿವಾದ ಮುಗಿಯಿತು. ಹಳ್ಳಿಗರ ಸಾಕ್ಷ್ಯಕ್ಕೆ ವಿಜ್ಞಾನ ಮನ್ನಣೆ ಕೊಟ್ಟ ದೊಡ್ಡ ಪ್ರಸಂಗಗಳಲ್ಲಿ ಇದೂ ಒಂದು.

ಬಿದ್ದ ಕಲ್ಲು ಯಾರದು? ಆದ ನಷ್ಟ ಯಾರದು?

ಅಮೆರಿಕದ ಅಯೋವಾ ರಾಜ್ಯದಲ್ಲಿ 1890ರಲ್ಲಿ ಸುಮಾರು 30 ಕಿಲೋ ತೂಕದ ಉಲ್ಕಾಶಿಲೆ ಗಾಡರ್ಡ್ ಎಂಬವರ ಹುಲ್ಲುಗಾವಲಿನಲ್ಲಿ ಹೂತುಕೊಂಡಿತು. ಅದನ್ನು ಅಗೆದು ತೆಗೆದವನು ವಿಂಚೆಲ್ ಎಂಬವರಿಗೆ 105 ಡಾಲರಿಗೆ ಮಾರಿದ. ಮೊಕದ್ದಮೆ ರಾಜ್ಯದ ಉಚ್ಚ ನ್ಯಾಯಪೀಠದವರೆಗೆ ಹೋಯಿತು. ಪ್ರಕೃತಿಯೇ ತಂದು ನೆಲದಲ್ಲಿ ಸೇರಿಸಿದ ವಸ್ತು ನೆಲದ ಭಾಗ. ಆದ್ದರಿಂದ ಅದು ನೆಲದ ಒಡೆಯನದು, ಕಂಡವನದಲ್ಲ ಎಂದು 1892ರಲ್ಲಿ ತೀರ್ಪಾಯಿತು.

ಆ್ಯನ್ ಹಾಜಸ್ ಅವರ ಪ್ರಕರಣ ಇನ್ನೂ ವಿಚಿತ್ರ. 1954ರ ನವೆಂಬರ್ 30ರಂದು ಅಲಬಾಮಾ ರಾಜ್ಯದ ತಮ್ಮ ಬಾಡಿಗೆ ಮನೆಯಲ್ಲಿ ಅವರು ಮಲಗಿದ್ದಾಗ ನಾಲ್ಕು ಕಿಲೋಗೆ ಸಮೀಪದ ಕಲ್ಲು ಸೂರು ತೂರಿ, ರೇಡಿಯೋಗೆ ಬಡಿದು ಪುಟಿದು ಅವರ ಸೊಂಟಕ್ಕೆ ತಾಗಿತು. ದೊಡ್ಡ ಬಾವು ಬಂದರೂ ಜೀವ ಉಳಿಯಿತು. ಮನೆಯ ಒಡತಿ ಕಲ್ಲು ತನ್ನದೆಂದು ದಾವೆ ಹೂಡಿದರು. ಕೊನೆಗೆ 500 ಡಾಲರಿಗೆ ರಾಜಿಯಾಯಿತು. ಅಷ್ಟರಲ್ಲಿ ಕಲ್ಲಿನ ಮೇಲಿನ ಜನರ ಆಸಕ್ತಿ ಇಳಿದು, ಕೊಳ್ಳುವವರು ಸಿಗದೆ, ಹಾಜಸ್ ದಂಪತಿ ಅದನ್ನು ವಸ್ತುಸಂಗ್ರಹಾಲಯಕ್ಕೆ ಕೊಟ್ಟುಬಿಟ್ಟರು.

ಪ್ರಕೃತಿಯ ಕಲ್ಲಿನಿಂದ ನಷ್ಟವಾದರೆ ಮೊಕದ್ದಮೆ ಹೂಡಲು ಪ್ರತಿವಾದಿಯಿಲ್ಲ. ಮನುಷ್ಯ ಹಾರಿಸಿದ ವಸ್ತು ಬಿದ್ದರೆ ಇದ್ದಾನೆ. 1972ರ ಅಂತಾರಾಷ್ಟ್ರೀಯ ಹೊಣೆಗಾರಿಕೆ ಒಪ್ಪಂದದ ಪ್ರಕಾರ, ಒಂದು ದೇಶ ಹಾರಿಸಿದ ಬಾಹ್ಯಾಕಾಶ ವಸ್ತುವಿನಿಂದ ಬೇರೆ ದೇಶದ ನೆಲದ ಮೇಲೆ ಹಾನಿಯಾದರೆ, ತಪ್ಪು ಯಾರದೆಂಬ ಪ್ರಶ್ನೆಯೇ ಇಲ್ಲದೆ ಹಾರಿಸಿದ ದೇಶ ಪರಿಹಾರ ಕೊಡಬೇಕು. ಭಾರತವೂ ಈ ಒಪ್ಪಂದದಲ್ಲಿದೆ. 1978ರ ಜನವರಿಯಲ್ಲಿ ಸೋವಿಯತ್ ಒಕ್ಕೂಟದ ಕಾಸ್ಮೋಸ್ 954 ಉಪಗ್ರಹ, ಅಣುಸ್ಥಾವರ ಸಮೇತ, ಕೆನಡಾದ ಉತ್ತರ ಭಾಗದಲ್ಲಿ ಬಿತ್ತು. ಶುಚಿಗೊಳಿಸುವ ಖರ್ಚಿಗಾಗಿ ಕೆನಡಾ 60 ಲಕ್ಷ ಡಾಲರಿಗೆ ಹಕ್ಕು ಮಂಡಿಸಿತು. 1981ರಲ್ಲಿ 30 ಲಕ್ಷಕ್ಕೆ ಒಪ್ಪಂದವಾಯಿತು.

ಮನೆಯ ಹಿರಿಯರಿಗೆ 1979ರ ಸ್ಕೈಲ್ಯಾಬ್ ನೆನಪಿರಬಹುದು. ಅಮೆರಿಕದ ಆ ಬಾಹ್ಯಾಕಾಶ ನಿಲ್ದಾಣ ಎಲ್ಲಿ ಬೀಳುವುದೋ ಎಂದು ಭಾರತದ ಊರೂರುಗಳಲ್ಲಿ ಆತಂಕವಿತ್ತು. ಜುಲೈ 11ರಂದು ಅದು ಹಿಂದೂ ಮಹಾಸಾಗರ ಮತ್ತು ಪಶ್ಚಿಮ ಆಸ್ಟ್ರೇಲಿಯಾದ ಬಯಲುಗಳ ಮೇಲೆ ಚೂರಾಗಿ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಅಲ್ಲಿನ ಎಸ್ಪೆರೆನ್ಸ್ ಎಂಬ ಊರಿನ ಸ್ಥಳೀಯ ಆಡಳಿತ, ಕಸ ಚೆಲ್ಲಿದ ತಪ್ಪಿಗೆ ನಾಸಾಕ್ಕೆ 400 ಡಾಲರ್ ದಂಡ ವಿಧಿಸಿ ತಮಾಷೆ ಮಾಡಿತು.

ಕಾವಲು ಕಾಯುವವರು

ಡೈನೋಸಾರುಗಳಿಗೆ ಇಲ್ಲದಿದ್ದ ಒಂದು ಅನುಕೂಲ ಮನುಷ್ಯನಿಗಿದೆ: ಮೊದಲೇ ನೋಡುವ ಕಣ್ಣು. ಭೂಮಿಯ ಹಾದಿಯ ಸಮೀಪ ಬರುವ 40,000 ಕ್ಷುದ್ರಗ್ರಹಗಳ ಪಟ್ಟಿ ಈಗ ಸಿದ್ಧವಿದೆ. ಒಂದು ಕಿಲೋಮೀಟರಿಗಿಂತ ದೊಡ್ಡದಾದವುಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಪತ್ತೆಯಾಗಿವೆ. ಅವುಗಳಲ್ಲಿ ಯಾವುದೂ ಮುಂದಿನ ನೂರು ವರ್ಷಗಳಲ್ಲಿ ಭೂಮಿಗೆ ಬಡಿಯುವ ಹಾದಿಯಲ್ಲಿಲ್ಲ. 140 ಮೀಟರಿನವುಗಳಲ್ಲಿ ಮಾತ್ರ ಅರ್ಧಕ್ಕಿಂತ ಹೆಚ್ಚು ಇನ್ನೂ ಪತ್ತೆಯಾಗಬೇಕಿದೆ. ಉಳಿದಿರುವ ನಿಜವಾದ ಕೆಲಸ ಅದೇ. ಲಡಾಖಿನ ಹಾನ್ಲೆಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಹಾಗೂ ಮುಂಬೈ ಐಐಟಿ ಸೇರಿ ನಡೆಸುವ 70 ಸೆಂಟಿಮೀಟರಿನ ದೂರದರ್ಶಕವೂ ಹತ್ತಿರ ಹಾಯುವ ಕಲ್ಲುಗಳ ಜಾಡು ಹಿಡಿಯುತ್ತದೆ.

2008ರ ಅಕ್ಟೋಬರಿನಲ್ಲಿ ಮೊದಲ ಬಾರಿಗೆ, ಸುಮಾರು ನಾಲ್ಕು ಮೀಟರಿನ ಕಲ್ಲೊಂದನ್ನು ಬೀಳುವ ಹತ್ತೊಂಬತ್ತು ಗಂಟೆ ಮುಂಚೆ ಕಂಡು, ಸುಡಾನಿನ ಮರುಭೂಮಿಯಲ್ಲೇ ಬೀಳುವುದೆಂದು ಹೇಳಲಾಯಿತು. ಹೇಳಿದಂತೆಯೇ ಆಯಿತು. ಖಾರ್ಟೂಮ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮರಳಿನಲ್ಲಿ ಸಾಲಾಗಿ ನಡೆಯುತ್ತ, ಕಳೆ ಕೀಳುವವರಂತೆ ನೆಲ ನೋಡುತ್ತ, ಅದರ ಚೂರುಗಳನ್ನು ಆರಿಸಿ ತಂದರು. ಹೀಗೆ ಮೊದಲೇ ಕಂಡು ಆಮೇಲೆ ಬಿದ್ದ ಕಲ್ಲುಗಳ ಸಂಖ್ಯೆ ಈಗ ಹತ್ತನ್ನು ದಾಟಿದೆ.

ಕಂಡ ಮೇಲೆ ತಡೆಯಬಹುದೇ? 2022ರ ಸೆಪ್ಟೆಂಬರ್ 26ರಂದು ನಾಸಾದ 'ಡಾರ್ಟ್' ನೌಕೆ ಸುಮಾರು 160 ಮೀಟರ್ ಅಗಲದ ಡೈಮಾರ್ಫೋಸ್ ಎಂಬ ಪುಟ್ಟ ಕಾಯಕ್ಕೆ ಬೇಕೆಂದೇ ಡಿಕ್ಕಿ ಹೊಡೆಯಿತು. ತನಗಿಂತ ದೊಡ್ಡ ಸಂಗಾತಿಯ ಸುತ್ತ ಅದು ಸುತ್ತುವ ಅವಧಿ 11 ಗಂಟೆ 55 ನಿಮಿಷದಿಂದ ಅರ್ಧ ಗಂಟೆಗೂ ಹೆಚ್ಚು ಕಡಿಮೆಯಾಯಿತು. ಹಲವು ವರ್ಷ ಮುಂಚೆ ತಿಳಿದರೆ, ಸಣ್ಣದೊಂದು ತಳ್ಳು ಸಾಕು. ಕಲ್ಲು ಭೂಮಿಯನ್ನು ತಪ್ಪಿಸಿಕೊಂಡು ಹೋಗುತ್ತದೆ. ಅದಕ್ಕಾಗಿಯೇ ಪಟ್ಟಿ ಮಾಡುವ ಕೆಲಸಕ್ಕೆ ಅಷ್ಟು ಮಹತ್ವ.

ಮುಂದಿನ ದೊಡ್ಡ ಸುದ್ದಿ 2029ರ ಏಪ್ರಿಲ್ 13ರದು. ಮುನ್ನೂರು ಮೀಟರಿಗೂ ದೊಡ್ಡದಾದ ಅಪೋಫಿಸ್ ಕ್ಷುದ್ರಗ್ರಹ ಭೂಮಿಯಿಂದ ಸುಮಾರು 32,000 ಕಿಲೋಮೀಟರ್ ದೂರದಲ್ಲಿ, ದೂರಸಂಪರ್ಕದ ಉಪಗ್ರಹಗಳಿಗಿಂತಲೂ ಹತ್ತಿರದಲ್ಲಿ, ಹಾದುಹೋಗಲಿದೆ. ಅಂದು ಅದು ಭೂಮಿಗೆ ಬಡಿಯುವುದಿಲ್ಲ. ಮುಂದಿನ ನೂರು ವರ್ಷಗಳವರೆಗೂ ಇಲ್ಲವೆಂದು 2021ರಲ್ಲಿ ಖಚಿತವಾಗಿದೆ. ಆದರೂ ಆ ದಿನ ಹತ್ತಿರ ಬಂದಂತೆ ಭಯದ ಸಂದೇಶಗಳು ಬರುವುದೂ ಅಷ್ಟೇ ಖಚಿತ. ಈಗ ಐದು, ಆರನೆಯ ತರಗತಿಯಲ್ಲಿ ಕನ್ನಡದಲ್ಲಿ ವಿಜ್ಞಾನ ಓದುತ್ತಿರುವ ಮಕ್ಕಳೇ ಅಂದು ಮನೆಯವರಿಗೆ ವಿವರಿಸಬಲ್ಲವರಾಗಬೇಕು. ಸುದ್ದಿ ಯಾವ ಸಂಸ್ಥೆಯದು, ಗಾತ್ರವೆಷ್ಟು, ದೂರವೆಷ್ಟು, ಸಾಧ್ಯತೆ ಎಷ್ಟು ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿದರೆ ಇಂಥ ಸಂದೇಶಗಳಲ್ಲಿ ಹೆಚ್ಚಿನವು ಅಲ್ಲೇ ಬಿದ್ದುಹೋಗುತ್ತವೆ.

ಹೊಲದಲ್ಲಿ ಕಲ್ಲು ಸಿಕ್ಕರೆ

ಬೆಂಕಿಯುಂಡೆ ಕಂಡ ಮರುದಿನ ಹೊಲದಲ್ಲೋ ಅಂಗಳದಲ್ಲೋ ಅಪರಿಚಿತ ಕಲ್ಲು ಸಿಕ್ಕರೆ ಒಡೆಯಬಾರದು, ತೊಳೆಯಬಾರದು. ಹೊಸ ಉಲ್ಕಾಶಿಲೆಯ ಮೈಮೇಲೆ ತೆಳುವಾದ ಕರಿಸಿಪ್ಪೆ ಇರುತ್ತದೆ. ಒದ್ದೆ ಮಣ್ಣಿನಲ್ಲಿ ಬೆರಳೊತ್ತಿದಂಥ ತಗ್ಗುಗಳಿರಬಹುದು. ಅದೇ ಗಾತ್ರದ ಬೇರೆ ಕಲ್ಲಿಗಿಂತ ಭಾರವೆನಿಸುತ್ತದೆ. ಬಿದ್ದ ಜಾಗದ ಚಿತ್ರ ತೆಗೆದು, ವೇಳೆಯನ್ನು ಬರೆದಿಟ್ಟು, ಶುಚಿಯಾದ ಕಾಗದದಲ್ಲಿ ಸುತ್ತಿಡಬೇಕು. ಮಹಾರಾಷ್ಟ್ರದವರು ತಲಾಠಿಗೆ, ಕೇರಳದವರು ವಿಲೇಜ್ ಆಫೀಸರಿಗೆ, ಉಳಿದವರು ತಮ್ಮ ಗ್ರಾಮದ ಕಂದಾಯ ಅಧಿಕಾರಿಗೆ ತಿಳಿಸಬಹುದು. ದೇಶದಲ್ಲಿ ಬಿದ್ದ ಉಲ್ಕಾಶಿಲೆಗಳನ್ನು ಪರೀಕ್ಷಿಸಿ ಕಾಪಾಡುವ ಕೆಲಸವನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಮಾಡುತ್ತಿದೆ. ಕಣ್ಣಾರೆ ಕಂಡವರ ಹೇಳಿಕೆಯನ್ನು ಅಂದೇ ಬರೆದಿಡುವುದು ಎಲ್ಲಕ್ಕಿಂತ ಮುಖ್ಯ. ತಡವಾದಷ್ಟೂ ನೆನಪು ಬಣ್ಣ ಕಟ್ಟುತ್ತದೆ.

ಕಲ್ಲು ಸಿಗುವವರೆಗೆ ಕಾಯಬೇಕಿಲ್ಲ. ಪ್ರತಿವರ್ಷ ಡಿಸೆಂಬರ್ 13 ಮತ್ತು 14ರ ನಡುವಿನ ರಾತ್ರಿ ಮಿಥುನ ರಾಶಿಯ ದಿಕ್ಕಿನಿಂದ ಉಲ್ಕೆಗಳು ಧಾರಾಳವಾಗಿ ಬೀಳುತ್ತವೆ. ಚಂದ್ರನ ಬೆಳಕಿಲ್ಲದ ವರ್ಷ, ಊರಿನ ದೀಪಗಳಿಂದ ದೂರದ ಬಯಲಿನಲ್ಲಿ, ನಡುರಾತ್ರಿ ಕಳೆದ ಮೇಲೆ ಒಂದು ಗಂಟೆ ಕಾಲ ಕಂಬಳಿ ಹೊದ್ದು ಅಂಗಾತ ಮಲಗಿದರೆ ಸಾಕು. ದೂರದರ್ಶಕ ಬೇಡ. ಒಬ್ಬರು ಎಣಿಸಲಿ, ಇನ್ನೊಬ್ಬರು ಬರೆದುಕೊಳ್ಳಲಿ. ಆಕಾಶದ ವಸ್ತುಗಳು ಭೂಮಿಗೆ ಎಷ್ಟು ಸಲ ಬಡಿಯುತ್ತವೆಂಬ ಪ್ರಶ್ನೆಗೆ ಆ ಪುಟದಲ್ಲಿ ಮಕ್ಕಳದೇ ಕೈಬರಹದ ಒಂದು ಉತ್ತರವಿರುತ್ತದೆ.